ಗಂಡಿ ಮುಚ್ಚಿದವನಿಗೆ ಕೂಲಿ

ಪುಟ್ಟಿ, ನಿನಗೆ ಕೃಷಿ ಅಧಿಕಾರಿ ಕೆಲಸದ ಆದೇಶ ಬಂತು, ನಮ್ಮ ಮಂಡ್ಯ ಜಿಲ್ಲೆಯದೇ ಒಂದು ಹೋಬಳಿಯ ರೈತ ಸಂಪರ್ಕ ಕೇಂದ್ರಕ್ಕೆ ಹಾಕಿದ್ದಾರೆ ಎಂದು ನಿಮ್ಮಪ್ಪ ಫೋನಿನಲ್ಲಿ ಹೇಳಿದಾಗ ಖುಷಿಯಾಯಿತು. ಬೆನ್ನಿಗೇ ಸಣ್ಣದೊಂದು ಅಳುಕೂ ಬಂತು. 34 ವರ್ಷ ಅದೇ ಇಲಾಖೆಯ ಉಪ್ಪು ತಿಂದವನು ನಾನು. ಒಳ್ಳೊಳ್ಳೆಯ ಹುಡುಗರು ಅಲ್ಲಿ ಮೆಲ್ಲಗೆ ಗುರಿ-ಸಾಧನೆಯ ಪಟ್ಟಿಯಾಗಿ ಹೋಗುವುದನ್ನು ಕಣ್ಣಾರೆ ಕಂಡಿದ್ದೇನೆ. ನಾನೂ ಕೆಲವು ವರ್ಷ ಹಾಗೆ ಆಗಿದ್ದೆ, ಅದನ್ನು ಮುಂದೆ ಹೇಳುತ್ತೇನೆ.

ಹೋದ ವಾರ ಮನೆಗೆ ಬಂದಾಗ ನೀನು ಕೇಳಿದೆಯಲ್ಲ, “ದೊಡ್ಡಪ್ಪ, ಗೊಬ್ಬರ ಹಳ್ಳಕ್ಕೆ ಹರಿದು ಹೋಗದ ಹಾಗೆ ಬೇಸಾಯ ಮಾಡೋ ರೈತರಿಗೆ ಸರ್ಕಾರ ದುಡ್ಡು ಕೊಟ್ಟುಬಿಟ್ಟರೆ ಸರಿಹೋಗುತ್ತಲ್ಲ?” ನಾನು ಕಾಫಿ ಲೋಟ ಕೆಳಗಿಡದೆ ‘ಹೂಂ’ ಎಂದು ಸುಮ್ಮನಾದೆ. ಆ ‘ಹೂಂ’ನೊಳಗೆ ಏನಿತ್ತು ಎಂದು ಈಗ ಬರೆಯುತ್ತಿದ್ದೇನೆ. ಓದಿ ಮಡಚಿಟ್ಟುಕೋ.

ಮೊದಲು ಒಂದು ಗದ್ದೆಬಯಲಿನ ಕತೆ. ನಾನು ಕೆಲಸಕ್ಕೆ ಸೇರಿದ ಹೊಸತು. ವಿಶ್ವೇಶ್ವರಯ್ಯ ನಾಲೆಯ ಒಂದು ಸೀಳುಗಾಲುವೆಯ ಕೊನೆಯಲ್ಲಿ ಒಬ್ಬ ರೈತನಿದ್ದ. ಮೇಲಿನ ಗದ್ದೆಯವರೆಲ್ಲ ಎಕರೆಗೆ ಮೂರು ಮೂಟೆ ಯೂರಿಯಾ ಎರಚಿದರೆ ಇವನದು ಒಂದೇ ಮೂಟೆ. ಆದರೂ ಇವನ ಭತ್ತವೇ ಚೆನ್ನಾಗಿ ಬರುತ್ತಿತ್ತು. ಒಬ್ಬ ಪ್ರಗತಿಪರ ರೈತ ಸಿಕ್ಕಿದ ಎಂದು ನಾನು ಡೈರಿಯಲ್ಲಿ ಅವನ ಹೆಸರು ಬರೆದುಕೊಂಡೆ, ಮೇಲಧಿಕಾರಿಗಳಿಗೂ ಹೇಳಿದೆ. ಒಂದು ಸಂಜೆ ತೆವರಿಯ ಮೇಲೆ ಕೂತು ಬೀಡಿ ಹಚ್ಚುತ್ತ ಅವನು ಗುಟ್ಟು ಬಿಟ್ಟ: “ಏನಿಲ್ಲ ಸ್ವಾಮಿ, ಮೇಲ್ಗದ್ದೆಯೋರು ಗೊಬ್ಬರ ಎರಚಿದ್ ದಿನ ಗೊತ್ತಾಯ್ತದೆ. ಅವತ್ತು ನನ್ ಗಂಡಿ ತಗೀತೀನಿ, ಅಷ್ಟೆಯ.”

ನನ್ನ ಪದವಿಯ ಪಾಠಗಳಿಗಿಂತ ಆ ಒಂದು ಮಾತು ನನಗೆ ಹೆಚ್ಚು ಕಲಿಸಿತು. ನಮ್ಮಲ್ಲಿ ಬಹಳ ಕಡೆ ಗದ್ದೆಗದ್ದೆಗೂ ಬೇರೆ ಹೊಲಗಾಲುವೆ ಇಲ್ಲ. ನೀರು ಒಂದು ಗದ್ದೆ ತುಂಬಿ, ತೆವರಿಯಲ್ಲಿ ಬಿಟ್ಟ ಗಂಡಿಯಿಂದ ಇನ್ನೊಂದಕ್ಕೆ ಇಳಿಯುತ್ತದೆ. ಮೇಲಿನವನು ಬೆಳಗ್ಗೆ ಎರಚಿದ ಯೂರಿಯಾ ಮಧ್ಯಾಹ್ನಕ್ಕೆಲ್ಲ ಕರಗಿ ನೀರಾಗಿರುತ್ತದೆ, ಗಂಡಿ ತೆರೆದಿದ್ದರೆ ಸಂಜೆಯೊಳಗೆ ಕೆಳಗಿನವನ ಪಾಲು. ಕೊನೆಯ ಗದ್ದೆಯವನೂ ಹಿಡಿಯಲಾರದ್ದು ಬಸಿಗಾಲುವೆಗೆ, ಅಲ್ಲಿಂದ ಹಳ್ಳಕ್ಕೆ, ಹಳ್ಳದಿಂದ ಲೋಕಪಾವನಿಗೋ ಶಿಂಷಾಕ್ಕೋ, ಕಡೆಗೆ ಕಾವೇರಿಗೆ. ನಿಂತ ನೀರಿನ ಭತ್ತದಲ್ಲಿ ಹಾಕಿದ ಸಾರಜನಕದಲ್ಲಿ ಹೆಚ್ಚುಕಡಿಮೆ ಮೂರರಲ್ಲೊಂದು ಪಾಲು ಮಾತ್ರ ಪೈರಿಗೆ ದಕ್ಕುತ್ತದೆ ಎಂದು ನೀನೂ ಓದಿರುತ್ತೀಯ. ಉಳಿದದ್ದರಲ್ಲಿ ಸ್ವಲ್ಪ ಗಾಳಿಗೆ, ಸ್ವಲ್ಪ ಕೆಳಕ್ಕೆ ಜಿನುಗಿ ಬಾವಿಗೆ, ಸ್ವಲ್ಪ ಹಳ್ಳಕ್ಕೆ. ರಂಜಕದ ದಾರಿ ಬೇರೆ. ಅದು ಮಣ್ಣಿನ ಕಣಕ್ಕೆ ಅಂಟಿಕೊಂಡು ಕೂರುತ್ತದೆ, ಮಣ್ಣು ಕೊಚ್ಚಿಹೋದರೆ ಅದರ ಬೆನ್ನೇರಿ ಹೋಗುತ್ತದೆ. ಹಾಗಾಗಿ ಗದ್ದೆಯಲ್ಲಿ ನೋಡಬೇಕಾದ್ದು ಗಂಡಿಯನ್ನು, ಇಳಿಜಾರಿನ ಹೊಲದಲ್ಲಿ ನೋಡಬೇಕಾದ್ದು ಬದುವನ್ನು.

ಹರಿದುಹೋದದ್ದು ಏನಾಗುತ್ತದೆ? ಬೇಸಿಗೆಯಲ್ಲಿ ನಸುಕಿಗೇ ಎದ್ದು ಯಾವುದಾದರೂ ಕೆರೆಯ ಕೋಡಿ ಹತ್ತಿರ ಹೋಗಿ ನಿಲ್ಲು. ಪಾಚಿ ಹಸಿರು ಬಣ್ಣ ಕಲಸಿದ ಹಾಗೆ ಇರುತ್ತದೆ, ಅದರಾಚೆ ಅಂತರಗಂಗೆ. ಹಗಲು ಬಿಸಿಲಿದ್ದಾಗ ಪಾಚಿಯೇ ನೀರಿಗೆ ಆಮ್ಲಜನಕ ಕೊಡುತ್ತದೆ. ರಾತ್ರಿ ಅದೂ ಉಸಿರಾಡುತ್ತದೆ, ಸತ್ತ ಪಾಚಿ ಕೊಳೆಯುವುದಕ್ಕೂ ಆಮ್ಲಜನಕವೇ ಬೇಕು. ಬೆಳಕು ಹರಿಯುವ ಹೊತ್ತಿಗೆ ಮೀನು ಮೇಲಕ್ಕೆ ಬಂದು ಬಾಯಿ ತೆರೆತೆರೆದು ಮುಚ್ಚುತ್ತಿರುತ್ತವೆ. ಏಳು ಗಂಟೆಗೆ ಹೋದರೆ ಆ ನೋಟ ಕಾಣುವುದಿಲ್ಲ, ಸತ್ತವನ್ನು ಅಷ್ಟರೊಳಗೆ ಕೊಕ್ಕರೆ ಕಾಗೆಗಳು ಎತ್ತಿಕೊಂಡು ಹೋಗಿರುತ್ತವೆ. ಎಲ್ಲ ಕೆರೆಯ ಪಾಚಿಗೂ ಗದ್ದೆಯೇ ಕಾರಣ ಎಂದುಕೊಳ್ಳಬೇಡ. ಊರ ಚರಂಡಿ, ತಿಪ್ಪೆ, ಕಕ್ಕಸಿನ ಗುಂಡಿ, ಎಲ್ಲವೂ ಸೇರಿರುತ್ತವೆ. ರೈತನೊಬ್ಬನ ತಲೆಗೆ ಕಟ್ಟಿದರೆ ಅವನು ನಿನ್ನ ಮಾತು ಅಲ್ಲಿಗೇ ಕೇಳುವುದು ಬಿಡುತ್ತಾನೆ. ಬಿಡಬೇಕಾದ್ದೇ.

ಈಗ ನಿನ್ನ ಪ್ರಶ್ನೆಗೆ ಬರೋಣ. ಸರ್ಕಾರ ದುಡ್ಡು ಕೊಟ್ಟರೆ ಅಂದೆ. ಸರ್ಕಾರ ಈಗಾಗಲೇ ಕೊಡುತ್ತಿದೆ ಕಣವ್ವ, ಹರಿಸುವುದಕ್ಕೆ ಕೊಡುತ್ತಿದೆ. 45 ಕಿಲೋ ಯೂರಿಯಾ ಮೂಟೆಗೆ ರೈತ ಕೊಡುವುದು 266 ರೂಪಾಯಿ 50 ಪೈಸೆ. ಅಸಲು ಬೆಲೆ ಅದರ ಎಷ್ಟೋ ಪಟ್ಟು, ಆ ಅಂತರ ಸಬ್ಸಿಡಿ. ಕಿಲೋಗೆ ಆರು ರೂಪಾಯಿ ಬಿತ್ತು. ನಿಮ್ಮ ಕೇಂದ್ರದ ಎದುರಿನ ಗೂಡಂಗಡಿಯಲ್ಲಿ ಆರು ರೂಪಾಯಿಗೆ ಒಂದು ಲೋಟ ಟೀ ಬರುತ್ತದೆಯೇ ಕೇಳಿ ನೋಡು. ಟೀಗಿಂತ ಅಗ್ಗದ ವಸ್ತುವನ್ನು ಯಾರು ಚಮಚದಲ್ಲಿ ಅಳೆದು ಹಾಕುತ್ತಾರೆ? 2010ರ ಏಪ್ರಿಲ್‌ನಲ್ಲಿ ಪೋಷಕಾಂಶ ಆಧರಿಸಿದ ಸಬ್ಸಿಡಿ ಬಂತು. ಡಿಎಪಿ, ಪೊಟ್ಯಾಷ್ ಅದರೊಳಗೆ ಸೇರಿದವು, ಬೆಲೆ ಏರಿತು. ಯೂರಿಯಾ ಹೊರಗೇ ಉಳಿಯಿತು, ಅದರ ಬೆಲೆ ಹೆಚ್ಚೇನೂ ಅಲುಗಾಡಲಿಲ್ಲ. ರೈತ ಯೂರಿಯಾ ಕಡೆ ವಾಲಿದ. ಅವನ ಜಾಗದಲ್ಲಿ ನೀನಿದ್ದರೂ ಅದನ್ನೇ ಮಾಡುತ್ತಿದ್ದೆ.

ನಡುವೆ ಸರಿಪಡಿಸುವ ಯತ್ನಗಳೂ ಆದವು. 2015ರಲ್ಲಿ ಯೂರಿಯಾಕ್ಕೆಲ್ಲ ಬೇವಿನೆಣ್ಣೆ ಲೇಪ ಕಡ್ಡಾಯವಾಯಿತು. ಲೇಪವಿದ್ದರೆ ಮಣ್ಣಿನಲ್ಲಿ ನೈಟ್ರೇಟ್ ಆಗುವುದು ನಿಧಾನ, ಕಾರ್ಖಾನೆಗಳಿಗೆ ಕದ್ದು ಸಾಗಿಸುವುದೂ ಕಷ್ಟ. 2018ರಲ್ಲಿ 50 ಕಿಲೋ ಮೂಟೆ 45ಕ್ಕೆ ಇಳಿಯಿತು. ರೈತ ಮೂಟೆ ಎಣಿಸುತ್ತಾನೆ, ಕಿಲೋ ಎಣಿಸುವುದಿಲ್ಲ ಎಂಬ ಲೆಕ್ಕ ಅದು. ಯೋಚನೆ ಮಾಡಿದವರು ಹಳ್ಳಿ ಬಲ್ಲವರೇ ಇರಬೇಕು. 2023ರಲ್ಲಿ ಪಿಎಂ-ಪ್ರಣಾಮ್ ಬಂತು. ರಾಜ್ಯವೊಂದು ರಸಗೊಬ್ಬರದ ಬಳಕೆ ಇಳಿಸಿದರೆ, ಉಳಿದ ಸಬ್ಸಿಡಿಯ ಅರ್ಧವನ್ನು ಆ ರಾಜ್ಯಕ್ಕೇ ಅನುದಾನವಾಗಿ ಕೊಡುವ ಯೋಜನೆ. ನನಗೆ ಹಿಡಿಸಿದ ಯೋಚನೆ. ಆದರೆ ಗಮನಿಸು, ಅನುದಾನ ಬರುವುದು ರಾಜ್ಯದ ಖಜಾನೆಗೆ. ಮಾರಗೌಡನಹಳ್ಳಿಯಲ್ಲೋ ಚಿಕ್ಕರಸಿನಕೆರೆಯಲ್ಲೋ ಒಂದು ಮೂಟೆ ಕಡಿಮೆ ಹಾಕಿದ ಗಂಡಸಿಗೆ, ಅವನ ಹೆಂಡತಿಗೆ, ತಮ್ಮ ಕೈ ತಡೆದದ್ದಕ್ಕೂ ಆ ಖಜಾನೆಗೂ ಏನು ಸಂಬಂಧ ಎಂದು ಹೇಗೆ ಗೊತ್ತಾಗಬೇಕು?

ಅವನು ಮೂರನೆಯ ಮೂಟೆ ಯಾಕೆ ಹಾಕುತ್ತಾನೆ ಎಂದು ಕೇಳಿಕೊಂಡಿದ್ದೀಯಾ? ನಮ್ಮ ಭಾಗದ ನೀರಾವರಿ ಭತ್ತಕ್ಕೆ ವಿಶ್ವವಿದ್ಯಾಲಯದ ಶಿಫಾರಸು ಹೆಕ್ಟೇರಿಗೆ 100 ಕಿಲೋ ಸಾರಜನಕ. ಎಕರೆಗೆ 40 ಆಯಿತು. ಒಂದು ಮೂಟೆ ಯೂರಿಯಾದಲ್ಲಿ 20 ಕಿಲೋಗಿಂತ ತುಸು ಹೆಚ್ಚು. ಎಲ್ಲವನ್ನೂ ಯೂರಿಯಾದಿಂದಲೇ ಕೊಟ್ಟರೂ ಎರಡು ಮೂಟೆ ಸಾಕು. ಈ ಲೆಕ್ಕ ರೈತನಿಗೆ ಗೊತ್ತಿಲ್ಲದೆ ಇಲ್ಲ. ನಾನು ನೂರು ಸಲ ಹೇಳಿದ್ದೇನೆ, ಅವನು ನೂರು ಸಲ ತಲೆಯಾಡಿಸಿದ್ದಾನೆ. ಮೂರನೆಯ ಮೂಟೆ ಅವನ ವಿಮೆ. ಪಕ್ಕದವನ ಪೈರು ಕಪ್ಪಗಿದ್ದು ತನ್ನದು ತೆಳ್ಳಗೆ ಕಂಡರೆ ಅವನಿಗೆ ನಿದ್ದೆ ಬರುವುದಿಲ್ಲ. 266 ರೂಪಾಯಿಗೆ ನಿದ್ದೆ ಸಿಗುವುದಾದರೆ ಅದೇನು ದುಬಾರಿಯೇ?

ಇದು ನನಗೆ ಅರ್ಥವಾದದ್ದು ನಿವೃತ್ತಿಗೆ ನಾಲ್ಕು ವರ್ಷ ಇರುವಾಗ. ಒಬ್ಬ ರೈತನನ್ನು ಒಪ್ಪಿಸಿದೆ, ಹೆಸರು ಬೇಡ, ಅವನ ಮಗ ಈಗ ನಿನ್ನ ಕೇಂದ್ರಕ್ಕೇ ಬೀಜಕ್ಕೆ ಬರುತ್ತಾನೆ. ಒಂದೆಕರೆ ಗದ್ದೆ, ನಡುವೆ ಒಂದು ತೆವರಿ. ಅತ್ತಲ ಅರ್ಧಕ್ಕೆ ಅವನ ಲೆಕ್ಕ, ಇತ್ತಲ ಅರ್ಧಕ್ಕೆ ನನ್ನ ಲೆಕ್ಕ. ಅವನು ಒಪ್ಪಿದ್ದು ಯಾವ ಕರಪತ್ರ ಓದಿಯೂ ಅಲ್ಲ. “ನಿನಗೆ ಇಳುವರಿ ಕಮ್ಮಿಯಾದರೆ ಅಷ್ಟು ಭತ್ತದ ದುಡ್ಡು ನನ್ನ ಸಂಬಳದಿಂದ ಎಣಿಸುತ್ತೇನೆ” ಎಂದು ಅವನ ಜಗುಲಿಯ ಮೇಲೆ, ಅವನ ಹೆಂಡತಿಯ ಎದುರಿಗೆ ಹೇಳಿದೆ. ಆಕೆ ಒಳಗೆ ಹೋಗಿ ಮಗನ ಶಾಲೆಯ ನೋಟ್‌ಬುಕ್ ತಂದು “ಬರೀರಿ” ಎಂದಳು. ಬರೆದು ಸಹಿ ಹಾಕಿದೆ. ನಿಮ್ಮ ದೊಡ್ಡಮ್ಮನಿಗೆ ಇವತ್ತಿನವರೆಗೂ ಈ ವಿಷಯ ಗೊತ್ತಿಲ್ಲ, ಈ ಕಾಗದ ಓದಿ ಮಡಚಿಡು ಎಂದದ್ದು ಅದಕ್ಕೇ.

ನನ್ನ ಅರ್ಧದಲ್ಲಿ ನಾವು ಮಾಡಿದ್ದು ಇಷ್ಟು. ನಾಟಿಗೆ ಮೊದಲು ಅರ್ಧ ಪಾಲು, ಉಳಿದದ್ದು ಎರಡು ಕಂತಿನಲ್ಲಿ. ಎರಚುವ ಹಿಂದಿನ ದಿನ ನೀರು ಬಸಿದು ತೆಳ್ಳಗೆ ಮಾಡುವುದು, ಎರಚಿದ ಮೇಲೆ ಗಂಡಿಗೆ ಹುಲ್ಲಿನ ಹೆಂಟೆ ಒತ್ತಿ, ಮೇಲೆ ಕೆಸರು ಬಳಿದು, ನಾಲ್ಕೈದು ದಿನ ಮುಟ್ಟದೆ ಬಿಡುವುದು. ಎರಡನೆಯ ಮೇಲುಗೊಬ್ಬರಕ್ಕೆ ಎಲೆ ಬಣ್ಣದ ಪಟ್ಟಿ ಹಿಡಿದು ನೋಡಿದೆವು. ಗೊತ್ತಲ್ಲ, ಫಿಲಿಪೈನ್ಸಿನ ಭತ್ತ ಸಂಶೋಧನಾ ಸಂಸ್ಥೆಯವರು ಬಳಕೆಗೆ ತಂದ ಆ ಪ್ಲಾಸ್ಟಿಕ್ ಪಟ್ಟಿ, ತಿಳಿಹಸಿರಿನಿಂದ ಕಡುಹಸಿರಿನವರೆಗೆ ಮೆಟ್ಟಿಲು ಮೆಟ್ಟಿಲು. ಬಿಸಿಲಿಗೆ ಬೆನ್ನು ಮಾಡಿ, ನಮ್ಮ ನೆರಳಿನಲ್ಲೇ ಎಲೆಯನ್ನು ಪಟ್ಟಿಯ ಮೇಲಿಟ್ಟು ನೋಡಬೇಕು, ಹತ್ತು ಕಡೆ. ನಾನು, ಅವನು ಇಬ್ಬರೂ ತಡಕಾಡಿದೆವು. ಕಳೆ ಕೀಳುತ್ತಿದ್ದ ಅವನ ಹೆಂಡತಿ ಬಂದು ಪಟ್ಟಿ ಕಿತ್ತುಕೊಂಡು, ಸೀರೆ ಅಂಗಡಿಯಲ್ಲಿ ರವಿಕೆ ಬಟ್ಟೆ ಹೊಂದಿಸಿ ನೋಡುವ ಹಾಗೆ ಹತ್ತೂ ಎಲೆ ಎರಡೇ ನಿಮಿಷಕ್ಕೆ ನೋಡಿ ಮುಗಿಸಿದಳು. ಆ ಪಟ್ಟಿಗಳು ನಿನ್ನ ಬೀರುವಿನಲ್ಲಿ ಇದ್ದರೆ ಹೆಂಗಸರ ಕೈಗೆ ಕೊಡು.

ಕಾರ್ತೀಕದಲ್ಲಿ ಒಂದು ರಾತ್ರಿ ಗಾಳಿಮಳೆ ಬಂತು. ಅವನ ಅರ್ಧದ ಪೈರು ಚಾಪೆ ಹಾಸಿದ ಹಾಗೆ ಮಲಗಿತು, ನನ್ನ ಅರ್ಧ ನಿಂತಿತ್ತು. ಕಣದಲ್ಲಿ ತೂಗಿದರೆ ಎರಡೂ ಹತ್ತಿರ ಹತ್ತಿರ. ಮಲಗಿದ್ದನ್ನು ಕುಯ್ಯುವುದಕ್ಕೆ ಆಳು ಹೆಚ್ಚು ಬೇಕಾಯಿತು, ಆ ಲೆಕ್ಕ ಹಿಡಿದರೆ ನನ್ನ ಅರ್ಧವೇ ಮೇಲು. ನೋಟ್‌ಬುಕ್ಕಿನ ಹಾಳೆಯನ್ನು ಆಕೆಯೇ ಹರಿದು ಕೊಟ್ಟಳು. ನಾನು ಗೆದ್ದೆ ಎಂದುಕೊಂಡೆ.

ಮರುವರ್ಷ ಆ ದಾರಿಯಲ್ಲಿ ಹೋಗುವಾಗ ನೋಡುತ್ತೇನೆ, ಇಡೀ ಎಕರೆ ಕಪ್ಪಗಿದೆ. ಮೂರು ಮೂಟೆ ಹಾಕಿದ್ದ. ಕೇಳಿದರೆ ಮುಖ ಬೇರೆ ಕಡೆ ತಿರುಗಿಸಿ, “ಹೋದ್ ವರ್ಸ ನೀವಿದ್ರಿ ಸ್ವಾಮಿ. ಈ ವರ್ಸ ನಾನೊಬ್ನೆ” ಅಂದ.

ಪುಟ್ಟಿ, ನಿನಗೆ ಹೇಳಬೇಕೆಂದಿರುವುದು ಇದೊಂದೇ, ಉಳಿದದ್ದೆಲ್ಲ ಸುತ್ತು ಮಾತು. ನಾವು ದುಡ್ಡನ್ನು ವಸ್ತುವಿಗೆ ಕೊಡುತ್ತೇವೆ: ಬೀಜಕ್ಕೆ, ಬದುವಿಗೆ, ಪೈಪಿಗೆ, ಟಾರ್ಪಾಲಿಗೆ. ಮನೆಯಲ್ಲಿ ಒಬ್ಬನೇ ಕೂತು ಹೆದರುವ ಮನುಷ್ಯನ ಹೆದರಿಕೆಗೆ ಯಾವ ಯೋಜನೆಯಲ್ಲೂ ಲೆಕ್ಕಶೀರ್ಷಿಕೆ ಇಲ್ಲ. ಗೊಬ್ಬರ ಕಡಿಮೆ ಮಾಡಿದ್ದಕ್ಕೆ ಬಹುಮಾನ ಕೊಡುವುದಕ್ಕಿಂತ, ಕಡಿಮೆ ಮಾಡಿ ನಷ್ಟವಾದರೆ ತುಂಬಿಕೊಡುತ್ತೇವೆ ಎಂಬ ಬರಹದ ಮಾತು ಅವನಿಗೆ ಬೇಕು, ಅದೂ ಒಂದು ಬೆಳೆಗಲ್ಲ, ಮೂರು ವರ್ಷಕ್ಕೆ. ಬಹುಪಾಲು ಆ ದುಡ್ಡು ಖರ್ಚೇ ಆಗುವುದಿಲ್ಲ, ನನ್ನ ಸಂಬಳ ಖರ್ಚಾಗದ ಹಾಗೆ. ಇದನ್ನು ನಾನು ಒಮ್ಮೆ ಸಭೆಯಲ್ಲಿ ಹೇಳಿದೆ. ‘ಆಡಿಟ್‌ನಲ್ಲಿ ಹೇಗೆ ತೋರಿಸೋದು?’ ಎಂದು ಕೇಳಿದರು. ಊಟದ ಹೊತ್ತಾಗಿತ್ತು, ಎದ್ದೆವು.

ನಿನ್ನ ಕೈಯಲ್ಲಿ ಅಂಥ ನಿಧಿ ಇರುವುದಿಲ್ಲ. ಇರುವ ದುಡ್ಡನ್ನೇ ಹಾಗೆ ತಿರುಗಿಸುವ ಸಂದುಗಳು ಕೆಲವಿವೆ. ಅದಕ್ಕೆ ಮೊದಲು ನನ್ನ ತಪ್ಪೊಂದನ್ನು ಕೇಳು.

2015ರ ಫೆಬ್ರುವರಿಯಲ್ಲಿ ಮಣ್ಣು ಆರೋಗ್ಯ ಚೀಟಿ ಯೋಜನೆ ಶುರುವಾಯಿತು. ನೀರಾವರಿ ಜಮೀನಿನಲ್ಲಿ ಎರಡೂವರೆ ಹೆಕ್ಟೇರಿಗೆ ಒಂದು ಮಾದರಿ, ಹನ್ನೆರಡು ಅಂಶಗಳ ಪರೀಕ್ಷೆ. ಯೋಜನೆ ಚೆನ್ನಾಗಿತ್ತು, ಗುರಿ ದೊಡ್ಡದಿತ್ತು, ಕೈ ಕಡಿಮೆಯಿದ್ದವು. ನಾನಿದ್ದ ಕಡೆ ಕೊನೆಯ ವಾರ ಮಾದರಿ ಸಾಲದೆ ಬಂದಾಗ ಜೀಪು ನಿಲ್ಲಿಸಿ ರಸ್ತೆ ಪಕ್ಕದ ಗದ್ದೆಗಳಿಂದಲೇ ಮಣ್ಣು ತುಂಬಿಸಿದೆವು. ನಾನೇ ತುಂಬಿದ ಚೀಲಗಳೂ ಅದರಲ್ಲಿದ್ದವು. ಕೆಲವು ತಿಂಗಳ ಮೇಲೆ ಒಬ್ಬ ಮುದುಕ ಚೀಟಿ ಹಿಡಿದು ಬಂದ. “ನನ್ನ ಗದ್ದೆಗೆ ನೀವು ಕಾಲೇ ಇಟ್ಟಿಲ್ಲ, ಅದರ ಜಾತಕ ಹೆಂಗ್ ಬರೆದ್ರಿ ಬುದ್ಧಿ?” ಎಂದು ಕೇಳಿದ. ನಾನು ಸಮಜಾಯಿಷಿ ಹೇಳಿದೆ, ಗ್ರಿಡ್ಡು, ಸರಾಸರಿ, ಅದೂ ಇದೂ. ಅವನು ಚೀಟಿಯನ್ನು ನಾಲ್ಕು ಮಡಿಕೆ ಮಡಚಿ, ಎಲೆಯಡಿಕೆ ಸಂಚಿಯಲ್ಲಿಟ್ಟುಕೊಂಡು ಹೋದ. ಸುಣ್ಣ ಒರೆಸಿಕೊಳ್ಳುವುದಕ್ಕೆ ಉಪಯೋಗವಾಗಿರಬೇಕು.

ಅದಕ್ಕೇ ಹೇಳುತ್ತೇನೆ, ನೀನು ಹತ್ತೇ ಮಾದರಿ ತೆಗೆ, ಸರಿಯಾಗಿ ತೆಗೆ. ತೆವರಿ ಪಕ್ಕ ಬೇಡ, ಮರದಡಿ ಬೇಡ, ತಿಪ್ಪೆ ಹಾಕಿದ್ದ ಜಾಗ ಬೇಡ. ಹಾವು ಹರಿದ ಹಾಗೆ ಅಂಕುಡೊಂಕಾಗಿ ನಡೆದು ಎಂಟು ಹತ್ತು ಕಡೆ ಮೇಲಿನ ಕಸ ಸರಿಸಿ, ಆರಂಗುಲ ಆಳಕ್ಕೆ ವಿ ಆಕಾರದ ಗುಂಡಿ ತೋಡಿ, ಅಂಚಿನಿಂದ ಒಂದೇ ದಪ್ಪಕ್ಕೆ ಮಣ್ಣು ಕೆರೆದು ತೆಗೆ. ಗೋಣಿಯ ಮೇಲೆ ಹರಡಿ ಕಲಸಿ, ನಾಲ್ಕು ಪಾಲು ಮಾಡಿ, ಎದುರುಬದುರಿನ ಎರಡು ಪಾಲು ಚೆಲ್ಲು. ಅರ್ಧ ಕಿಲೋ ಉಳಿಯುವತನಕ ಹಾಗೆ ಮಾಡು. ಪಾಲು ಮಾಡುವ ಕೆಲಸ ರೈತನ ಕೈಯಲ್ಲೇ ಮಾಡಿಸು. ತನ್ನ ಕೈಯ ಮಣ್ಣು ಹೋಗಿ ಬರೆದುಕೊಂಡು ಬಂದ ಚೀಟಿಯನ್ನು ಅವನು ಎಲೆಯಡಿಕೆ ಸಂಚಿಗೆ ಹಾಕುವುದಿಲ್ಲ. ರಂಜಕ ಈಗಾಗಲೇ ಸಾಕಷ್ಟಿದೆ ಎಂದು ಚೀಟಿಯಲ್ಲಿ ಬಂದರೆ ಡಿಎಪಿ ಮೂಟೆ ಬಿಡಿಸುವುದು ಯೂರಿಯಾ ಬಿಡಿಸುವುದಕ್ಕಿಂತ ಸುಲಭ, ಯಾಕೆಂದರೆ ಅದರ ಬೆಲೆ ಅವನಿಗೆ ನೋಯುತ್ತದೆ. ಅಲ್ಲಿಂದ ಶುರು ಮಾಡು.

ಹಸಿರೆಲೆ ಗೊಬ್ಬರದ ವಿಷಯ. ಡಯಾಂಚ, ಸೆಣಬಿನ ಬೀಜ ಸಬ್ಸಿಡಿಯಲ್ಲಿ ಕೊಡುತ್ತೀರಿ. ಒಳ್ಳೆಯದು, ನಲವತ್ತೈದು ದಿನಕ್ಕೆ ಉತ್ತು ಮುಳುಗಿಸಿದರೆ ಮಣ್ಣು ಬೆಣ್ಣೆಯಾಗುತ್ತದೆ. ಬೀಜ ಕೊಟ್ಟ ರೈತನ ಗದ್ದೆಗೆ ನಾಟಿಯಾದ ಮೇಲೆ ಒಮ್ಮೆ ಹೋಗಿ ನೋಡು. ಡಯಾಂಚವೂ ಹಾಕಿರುತ್ತಾನೆ, ಮೂರು ಮೂಟೆಯೂ ಹಾಕಿರುತ್ತಾನೆ. ಅಂದರೆ ನಾವು ಸರ್ಕಾರದ ದುಡ್ಡಿನಲ್ಲಿ ಗದ್ದೆಗೆ ಸಾರಜನಕ ಏರಿಸಿದೆವು, ಹಳ್ಳಕ್ಕೂ ಏರಿಸಿದೆವು. ಬೀಜದ ಚೀಲದ ಜೊತೆಗೆ ‘ಇದನ್ನು ಬಿತ್ತಿದರೆ ಮೊದಲ ಕಂತಿನಲ್ಲಿ ಇಷ್ಟು ಕಡಿಮೆ’ ಎಂಬ ಮಾತೂ ಹೋಗಬೇಕು. ರಶೀದಿಯ ಹಿಂದೆ ಬರೆದು ಕೊಡು, ಬಾಯಲ್ಲಿ ಹೇಳಿದ್ದು ಗೇಟು ದಾಟುವಷ್ಟರಲ್ಲಿ ಮರೆತುಹೋಗುತ್ತದೆ.

ಚಿತ್ರದುರ್ಗದ ಕಡೆ ಮೂರು ವರ್ಷ ಸುಜಲ ಜಲಾನಯನ ಯೋಜನೆಯಲ್ಲಿ ಇದ್ದೆನಲ್ಲ. ವಿಶ್ವಬ್ಯಾಂಕಿನ ನೆರವಿನದು, 2001ರಲ್ಲಿ ಶುರುವಾದದ್ದು, ಚಿತ್ರದುರ್ಗ ಅಲ್ಲದೆ ಕೋಲಾರ, ತುಮಕೂರು, ಹಾವೇರಿ, ಧಾರವಾಡಗಳಲ್ಲೂ ನಡೆಯಿತು. ಅದರಲ್ಲಿ ನನಗೆ ಮೆಚ್ಚುಗೆಯಾದದ್ದು ವಂತಿಗೆ. ನಿನ್ನ ಹೊಲದಲ್ಲಿ ಬದು ಹಾಕಬೇಕೆಂದರೆ ನೀನೂ ಒಂದು ಪಾಲು ಹಾಕು ಎಂಬ ಕಟ್ಟು. ವಂತಿಗೆ ಕೊಟ್ಟವನು ಬದು ಎಲ್ಲಿ ಬೀಳಬೇಕೆಂದು ಜಗಳ ಆಡುತ್ತಿದ್ದ. ಆ ಜಗಳ ಕೇಳಲು ನನಗೆ ಇಷ್ಟವಾಗುತ್ತಿತ್ತು, ಬಿಟ್ಟಿ ಬದುವಿಗೆ ಯಾರೂ ಜಗಳ ಆಡುವುದಿಲ್ಲ. ಬಿಟ್ಟಿಯಾಗಿ ಹಾಕಿದ ಬದುಗಳನ್ನು ಎರಡೇ ವರ್ಷಕ್ಕೆ ಟ್ರ್ಯಾಕ್ಟರಿನವರು ಉತ್ತು ಸಮ ಮಾಡಿದ್ದನ್ನು ನಾನೇ ನೋಡಿದ್ದೇನೆ. ಜಗಳವಾಡಿ ಹಾಕಿಸಿದ ಬದುವಿನ ಮೇಲೆ ಹೆಂಗಸರು ತೊಗರಿ, ಹುಚ್ಚೆಳ್ಳು ಬಿತ್ತಿದ್ದರು.

ನಿಮ್ಮಣ್ಣ ಅಮೆರಿಕದ ಮೇರಿಲ್ಯಾಂಡಿಗೆ ಕರೆಸಿಕೊಂಡಿದ್ದನಲ್ಲ, ಅಲ್ಲಿನದೂ ಸ್ವಲ್ಪ ಹೇಳಬೇಕು. ಅಲ್ಲಿ ಚೆಸಪೀಕ್ ಎಂಬ ದೊಡ್ಡ ಕೊಲ್ಲಿ. ಏಡಿಗೆ, ಸಿಂಪಿಗೆ ಹೆಸರುವಾಸಿ. ಬೇಸಿಗೆಯಲ್ಲಿ ಅದರ ಆಳದ ನೀರಿನಲ್ಲಿ ಆಮ್ಲಜನಕ ಇಲ್ಲವಾಗಿ ಏಡಿ ಮೀನುಗಳಿಗೆ ಉಸಿರುಕಟ್ಟುತ್ತದೆ. ಕಾರಣ ನಮ್ಮದೇ: ಹೊಲದ ಗೊಬ್ಬರ, ಕೋಳಿ ಗೊಬ್ಬರ, ಊರ ಕೊಳಚೆ. ಅಕ್ಟೋಬರಿನಲ್ಲಿ ಹೋದಾಗ ಮುಸುಕಿನ ಜೋಳ ಕಟಾವಾದ ಹೊಲಗಳಲ್ಲಿ ಹಸಿರು ಮೊಳಕೆ. ಏನೆಂದು ಕೇಳಿದೆ. ರೈ ಎಂಬ ಧಾನ್ಯ, ಜೋಳ ಬಿಟ್ಟುಹೋದ ಸಾರಜನಕವನ್ನು ಚಳಿಗಾಲದಲ್ಲಿ ಅದು ಹೀರಿ ಹಿಡಿದುಕೊಳ್ಳುತ್ತದೆ, ಮಳೆ ಹಿಮ ಕೊಚ್ಚಿಕೊಂಡು ಹೋಗದ ಹಾಗೆ. ಬಿತ್ತಿದವನಿಗೆ ಸರ್ಕಾರ ಎಕರೆ ಲೆಕ್ಕದಲ್ಲಿ ದುಡ್ಡು ಕೊಡುತ್ತದೆ, ಬೇಗ ಬಿತ್ತಿದರೆ ಇನ್ನಷ್ಟು. ಬಿತ್ತಿದ ಮೇಲೆ ಕಚೇರಿಗೆ ಹೋಗಿ ದೃಢಪಡಿಸಬೇಕು, ಒಂದಷ್ಟು ಹೊಲಗಳನ್ನು ಅವರು ಹೋಗಿ ನೋಡುತ್ತಾರೆ.

ದುಡ್ಡು ಎಲ್ಲಿಂದ ಎಂದು ಕೇಳಿದಾಗ ನಿಮ್ಮಣ್ಣ ನಗುತ್ತ ಹೇಳಿದ್ದು ಕೇಳಿ ನಾನು ಬೆರಗಾದೆ. 2004ರಲ್ಲಿ ಅಲ್ಲೊಂದು ಕಾನೂನು ಮಾಡಿದರು, ಜನ ಅದಕ್ಕೆ ಇಟ್ಟ ಹೆಸರು ‘ಫ್ಲಷ್ ತೆರಿಗೆ’. ಮನೆಮನೆಯೂ ಮೊದಲು ತಿಂಗಳಿಗೆ ಎರಡೂವರೆ ಡಾಲರ್, 2012ರಿಂದ ಐದು ಡಾಲರ್ ಕೊಡಬೇಕು. ಒಳಚರಂಡಿ ಇರುವ ಮನೆಯ ದುಡ್ಡು ಕೊಳಚೆ ಶುದ್ಧ ಮಾಡುವ ಘಟಕಗಳಿಗೆ. ಗುಂಡಿ ಕಕ್ಕಸಿರುವ ಮನೆಗಳಿಂದ ಬಂದ ದುಡ್ಡಿನಲ್ಲಿ ಒಂದು ಪಾಲು ರೈತನ ಈ ರೈಗೆ. ಕಕ್ಕಸಿನ ದುಡ್ಡು ಹೊಲದ ಬೀಜವಾಯಿತು! ನಮ್ಮ ಅಜ್ಜಂದಿರು ಕೇಳಿದ್ದರೆ ಇದರಲ್ಲಿ ಹೊಸದೇನು ಎನ್ನುತ್ತಿದ್ದರೋ ಏನೋ. ರೈ ನಮಗೆ ಬೇಡ, ನಮ್ಮಲ್ಲಿ ಹಿಮ ಬೀಳುವುದಿಲ್ಲ, ಭತ್ತ ಕುಯ್ದ ಗದ್ದೆಗೆ ಉದ್ದು ಅಲಸಂದೆ ಚೆಲ್ಲಿದರಾಯಿತು. ಎತ್ತಿಕೊಳ್ಳಬೇಕಾದ್ದು ಒಂದೇ, ನೀರು ಕೆಡಿಸುವವರೆಲ್ಲ ಒಂದೇ ಹುಂಡಿಗೆ ಹಾಕುತ್ತಾರೆ, ಊರವನೂ ಹೊಲದವನೂ. ಅಲ್ಲಿಯೂ ದುಡ್ಡು ನಿಂತ ವರ್ಷ ಬಿತ್ತನೆ ನಿಂತರೆ ಏನು ಗತಿ ಎಂಬ ಪ್ರಶ್ನೆ ಇದ್ದೇ ಇದೆ, ಅದನ್ನು ಮುಚ್ಚಿಡುವುದಿಲ್ಲ.

ನಮ್ಮಲ್ಲಿ ಹುಂಡಿ ಯಾರದಾಗಬೇಕು? ಮಳವಳ್ಳಿ ತಾಲ್ಲೂಕಿನ ತೊರೆಕಾಡನಹಳ್ಳಿಯಿಂದ ಬೆಂಗಳೂರಿಗೆ ಕಾವೇರಿ ನೀರು ಹೋಗುತ್ತದೆ, ಸುಮಾರು ನೂರು ಕಿಲೋಮೀಟರ್. 2024ರ ಅಕ್ಟೋಬರಿನಲ್ಲಿ ಐದನೇ ಹಂತ ಶುರುವಾಗಿ ದಿನಕ್ಕೆ ಇನ್ನೂ 775 ದಶಲಕ್ಷ ಲೀಟರ್ ಸೇರಿತು. ಶಿಂಷಾ ಕಾವೇರಿ ಸೇರುವುದು ಆ ಪಂಪುಗಳಿಗಿಂತ ಕೆಳಗೆ. ಆದರೆ ಲೋಕಪಾವನಿ ಸೇರುವುದು ಶ್ರೀರಂಗಪಟ್ಟಣದ ಹತ್ತಿರ, ಮೇಲೆ. ನಮ್ಮ ಗಂಡಿಯಿಂದ ತಪ್ಪಿಸಿಕೊಂಡದ್ದು ಬೆಂಗಳೂರಿನವರ ಲೋಟದ ದಾರಿಯಲ್ಲಿದೆ. ನೀರಿನ ಬಿಲ್ಲಿನಲ್ಲಿ ಒಂದೆರಡು ರೂಪಾಯಿ ಗಂಡಿ ಮುಚ್ಚುವವನಿಗೆ ಎಂದಿದ್ದರೆ ಎಂದು ನಾನು ಒಂದು ರೈತರ ಸಭೆಯಲ್ಲಿ ಆಸೆಯಿಂದ ಹೇಳಿದೆ. ಹಿಂದಿನ ಸಾಲಿನವನೊಬ್ಬ, “ಅವರ ಕೊಚ್ಚೆ ವೃಷಭಾವತೀಲಿ ಬಂದು ಅರ್ಕಾವತಿ ಸೇರಿ ಕಾವೇರಿಗೇ ಬೀಳ್ತದಲ್ಲ, ಅದಕ್ಕೆ ನಮಗೆ ಎಷ್ಟು ಕೊಡ್ತಾರೆ ಕೇಳಿ ಮೊದ್ಲು” ಅಂದ. ಚಪ್ಪಾಳೆ ಬಿತ್ತು. ನಾನೂ ತಟ್ಟಿದೆ.

ಇಂಥದೆಲ್ಲ ನಮ್ಮಲ್ಲಿ ಆಗದು ಅಂದುಕೊಳ್ಳಬೇಡ. ಮದ್ದೂರಿನ ಕೊಕ್ಕರೆ ಬೆಳ್ಳೂರಿಗೆ ಒಂದು ಸಲ ಹೋಗಿ ಬಾ. ಹೆಜ್ಜಾರ್ಲೆ, ಬಣ್ಣದ ಕೊಕ್ಕರೆಗಳು ಊರೊಳಗಿನ ಹುಣಸೆ ಮರಗಳಲ್ಲಿ ಗೂಡು ಕಟ್ಟುತ್ತವೆ. ಗೂಡು ಕಟ್ಟಿದ ಮರದ ಹುಣಸೆ ಹೋಯಿತೆಂದೇ ಲೆಕ್ಕ, ಅದಕ್ಕೆ ಮರದ ಯಜಮಾನನಿಗೆ ಅರಣ್ಯ ಇಲಾಖೆ ಪರಿಹಾರ ಕೊಡುತ್ತ ಬಂದಿದೆ. ಮರದ ಬುಡದಲ್ಲಿ ಊರವರು ಗುಂಡಿ ತೋಡಿ, ಕೆರೆಗೋಡು ಹಾಕಿ, ಹಿಕ್ಕೆಯನ್ನು ಅದರಲ್ಲೇ ಹಿಡಿದು ಹೊಲಕ್ಕೆ ಹೊಡೆಯುತ್ತಾರೆ. ಬಿಟ್ಟಿದ್ದರೆ ಮಳೆಗೆ ಶಿಂಷಾ ಸೇರಬೇಕಾಗಿದ್ದ ಸಾರಜನಕ ರಂಜಕ ಅದು. ಪರಿಹಾರ ಸಾಲದು, ತಡವಾಗಿ ಬರುತ್ತದೆ ಎಂದು ಊರವರು ಗೊಣಗುವುದನ್ನೂ ಕೇಳಿದ್ದೇನೆ. ಹಾಗಿದ್ದೂ ಹಲವರು ಮರ ಉಳಿಸಿಕೊಂಡರು.

ಈ ಹಂಗಾಮಿಗೆ ನೀನು ಮಾಡಬಹುದಾದ ಒಂದು ಸಣ್ಣ ಕೆಲಸ ಹೇಳಿ ಮುಗಿಸುತ್ತೇನೆ. ಒಂದೇ ಸೀಳುಗಾಲುವೆ ಹಿಡಿ, ಅದರ ಕೆಳಗಿನ ಹತ್ತು ಹದಿನೈದು ಗದ್ದೆ ಸಾಕು. ಸರದಿಯ ಕಟ್ಟು ನೀರು ಯಾವತ್ತು ಬರುತ್ತದೆಂದು ನೀರುಗಂಟಿಯನ್ನು ಕೇಳಿ ತಿಳಿದುಕೋ. ನೀರು ಮತ್ತೆ ಯಾವಾಗಲೋ ಎಂಬ ಹೆದರಿಕೆಯಿದ್ದರೆ ಯಾವ ರೈತನೂ ಗಂಡಿ ಮುಚ್ಚುವುದಿಲ್ಲ, ಬಂದದ್ದನ್ನೆಲ್ಲ ಹರಿಸಿಕೊಳ್ಳುತ್ತಾನೆ. ತಾರೀಕು ನಂಬಿಕೆಯಾದರೆ ಮೇಲುಗೊಬ್ಬರದ ದಿನ ಎಲ್ಲರೂ ಒಟ್ಟಿಗೆ ಗೊತ್ತುಮಾಡಬಹುದು. ಆ ನಾಲ್ಕೈದು ದಿನ ಗಂಡಿಗಳನ್ನು ನೋಡಿಕೊಳ್ಳಲು ಊರಿನ ಒಬ್ಬನಿಗೆ ಕೂಲಿ ಕೊಡಿಸು, ಸಹಕಾರ ಸಂಘವೋ ಪಂಚಾಯಿತಿಯೋ ಒಪ್ಪಿಸಿ ನೋಡು. ಪಂಚಾಯಿತಿಯಲ್ಲಿ ಕುಡಿಯುವ ನೀರು ಪರೀಕ್ಷೆಯ ಕಿಟ್ ಇರುತ್ತದೆ, ನೈಟ್ರೇಟ್ ನೋಡಬಹುದು. ಕುಡಿಯುವ ನೀರಿಗೆ ಲೀಟರಿಗೆ 45 ಮಿಲಿಗ್ರಾಂ ಮಿತಿ. ಎರಚುವ ಮೊದಲು ಬಸಿಗಾಲುವೆಯ ನೀರು ನೋಡು, ಎರಚಿದ ಮೂರನೆಯ ದಿನ ನೋಡು, ಪಕ್ಕದ ಸೀಳುಗಾಲುವೆಯದ್ದನ್ನೂ ನೋಡಿ ಬರೆದಿಡು. ಯಾರಿಗೂ ವರದಿ ಕಳಿಸಬೇಡ ಈಗಲೇ. ಮುಂದಿನ ವರ್ಷವೂ ಅದೇ ಗದ್ದೆಗಳಿಗೆ ಹೋಗು, ಅದರ ಮುಂದಿನ ವರ್ಷವೂ. ವರ್ಗಾವಣೆ ಆದರೆ ಭಾನುವಾರ ಹೋಗು.

ಬರುವ ಶನಿವಾರ ನಮ್ಮೂರ ಕಾಲುವೆಗೆ ನೀರು ಬಿಡುತ್ತಾರಂತೆ. ಶುಕ್ರವಾರ ರಾತ್ರಿಯೇ ಬಂದುಬಿಡು, ನಿಮ್ಮ ದೊಡ್ಡಮ್ಮ ಅವರೆಕಾಳು ಸಾರು ಮಾಡುತ್ತೇನೆ ಅಂದಿದ್ದಾಳೆ. ನಮ್ಮ ಗದ್ದೆಯ ಮೂಲೆ ಗಂಡಿಗೆ ಏಡಿ ತೂತು ಮಾಡಿದೆ, ಎಷ್ಟು ಕೆಸರು ಬಳಿದರೂ ರಾತ್ರಿಯೊಳಗೆ ಜಿನುಗುತ್ತದೆ. ನಿನ್ನ ಕಣ್ಣು ಚುರುಕು, ತೂತು ಎಲ್ಲಿಂದ ಎಲ್ಲಿಗೆ ಹೋಗಿದೆ ನೋಡಿ ಹೇಳು.